ಸುಗ್ಗಿಯಲ್ಲೇ ಮುಚ್ಚುವ ಗಡಿಬಾಗಿಲು: ವಿಜಯಪುರದ ಉಳ್ಳಾಗಡ್ಡಿ ಮತ್ತು ಬಾಂಗ್ಲಾದೇಶದ ಪೇಟೆ

ಸೆಪ್ಟೆಂಬರ್ ಬಂತೆಂದರೆ ವಿಜಯಪುರದ ಎಪಿಎಂಸಿ ಪ್ರಾಂಗಣದಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: "ಸರ್, ಬಾಂಗ್ಲಾ ಲೈನ್ ಚಾಲೂ ಐತೇನ್ರಿ?" ಕೇಳುವವರು ಅಡತ್ತಿ ಅಂಗಡಿಯವರು, ಕೆಲವೊಮ್ಮೆ ಬಸವನ ಬಾಗೇವಾಡಿ ಇಲ್ಲವೆ ಕೊಲ್ಹಾರದ ಕಡೆಯಿಂದ ಚೀಲ ತಂದ ರೈತರು. ರಫ್ತಿನ ದಾಖಲೆಪತ್ರ ಸಿದ್ಧಪಡಿಸುವ ಕೆಲಸ ನನ್ನದು. ಆ ಪ್ರಶ್ನೆಗೆ ಉತ್ತರಿಸುವಾಗ ನಾನು ದರ ನೋಡುವುದಕ್ಕಿಂತ ಮೊದಲು ಅಧಿಸೂಚನೆಗಳನ್ನು ನೋಡುತ್ತೇನೆ. ಇದಕ್ಕೆ ಕಾರಣ ಎರಡೂ ದೇಶಗಳ ಬೆಳೆಯ ಪಂಚಾಂಗದಲ್ಲಿದೆ.

ಬಾಂಗ್ಲಾದೇಶದ ಮುಖ್ಯ ಉಳ್ಳಾಗಡ್ಡಿ ಬೆಳೆ ಮಾರ್ಚ್, ಏಪ್ರಿಲ್‌ನಲ್ಲಿ ಕೈಗೆ ಬರುತ್ತದೆ, ಬೇಗ ಬರುವ ಸಣ್ಣ ಫಸಲೊಂದು ಡಿಸೆಂಬರ್ ಸುಮಾರಿಗೆ ಪೇಟೆ ಸೇರುತ್ತದೆ. ಹೀಗಾಗಿ ಆಗಸ್ಟ್‌ನಿಂದ ನವೆಂಬರ್‌ವರೆಗೆ ಅಲ್ಲಿ ಮಾಲಿನ ಕೊರತೆ ಹೆಚ್ಚು. ನಮ್ಮ ಉತ್ತರ ಕರ್ನಾಟಕದ ಮುಂಗಾರು ಬೆಳೆ ಹೊಲದಿಂದ ಹೊರಬರುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ. ಮುಂಗಾರು ಗಡ್ಡೆಯಲ್ಲಿ ನೀರಿನಂಶ ಹೆಚ್ಚಾಗಿರುವುದರಿಂದ ಅದನ್ನು ತಿಂಗಳುಗಟ್ಟಲೆ ಇಡಲಾಗದು. ಕಿತ್ತ ಮೇಲೆ ಮಾರಲೇಬೇಕು. ಒಬ್ಬರ ಕೊರತೆಯ ಕಾಲಕ್ಕೆ ಇನ್ನೊಬ್ಬರ ಕೂಡಿಡಲಾಗದ ಸುಗ್ಗಿ ಒದಗುವ ಇಂಥ ಹೊಂದಾಣಿಕೆ ಎರಡು ನೆರೆದೇಶಗಳ ನಡುವೆ ಅಪರೂಪವೆಂದೇ ನನ್ನ ಭಾವನೆ.

ಆದರೆ ಭಾರತದೊಳಗೆ ಬೆಲೆ ಏರುವುದೂ ಆಗಲೇ. ಮಹಾರಾಷ್ಟ್ರದ ರೈತರು ಬೇಸಿಗೆಯಲ್ಲಿ ಕಿತ್ತು ಸಂಗ್ರಹಿಸಿಟ್ಟ ಹಿಂಗಾರು ಮಾಲು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕರಗುತ್ತ ಬರುತ್ತದೆ. ಇಲ್ಲಿ ಒಂದು ಜೋರು ಮಳೆ ಬಿದ್ದು ಮುಂಗಾರು ಬೆಳೆ ಕೊಳೆತರೆ ದೆಹಲಿಯಲ್ಲಿ ದರ ಜಿಗಿಯುತ್ತದೆ, ಸರ್ಕಾರ ರಫ್ತಿನ ಮೇಲೆ ಕೈಯಿಡುತ್ತದೆ. 2019ರ ಸೆಪ್ಟೆಂಬರ್ 29ರಂದು ರಫ್ತು ನಿಷೇಧವಾಯಿತು. 2020ರ ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ. 2023ರ ಆಗಸ್ಟ್ 19ರಂದು ಶೇ. 40ರ ರಫ್ತು ಸುಂಕ, ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ (ಅದಕ್ಕಿಂತ ಕಡಿಮೆಗೆ ರಫ್ತು ಮಾಡುವಂತಿಲ್ಲ), ಡಿಸೆಂಬರ್ 8ರಿಂದ ಪೂರ್ಣ ನಿಷೇಧ. ಹಿಂಗಾರು ಬೆಳೆಗಾರನಿಗೆ ಮಾಲನ್ನು ತಡೆದಿಡಲು ಕೆಲವು ತಿಂಗಳಾದರೂ ಸಿಗುತ್ತವೆ. ನಮ್ಮ ಮುಂಗಾರು ಬೆಳೆಗಾರನಿಗೆ ಆ ಅವಕಾಶವಿಲ್ಲ.

2020ರ ಆ ಸೋಮವಾರ ನಮ್ಮ ಒಬ್ಬ ಕಕ್ಷಿದಾರರ ಎರಡು ಲಾರಿಗಳು ದಾರಿಯಲ್ಲಿದ್ದವು. ಇಲ್ಲಿಂದ ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿಗೆ ಸುಮಾರು ಎರಡು ಸಾವಿರ ಕಿಲೋಮೀಟರ್, ನಾಲ್ಕೈದು ದಿನಗಳ ಪ್ರಯಾಣ. ಬಾಂಗ್ಲಾದ ಖರೀದಿದಾರರು ಎಲ್‌ಸಿ (ಹಣ ಪಾವತಿಗೆ ಬ್ಯಾಂಕ್ ಕೊಡುವ ಖಾತರಿಪತ್ರ) ತೆರೆದಿದ್ದರು, ಸಸ್ಯ ಆರೋಗ್ಯ ಪ್ರಮಾಣಪತ್ರದ ತಯಾರಿಯೂ ಆಗಿತ್ತು. ಸಾಮಾನ್ಯವಾಗಿ ನಿಯಮ ಬದಲಾದಾಗ, ಮೊದಲೇ ತೆರೆದ, ರದ್ದುಪಡಿಸಲಾಗದ ಎಲ್‌ಸಿ ಇರುವ ಸರಕಿಗೆ ವಿದೇಶ ವ್ಯಾಪಾರ ನೀತಿಯ 1.05ನೇ ಕಂಡಿಕೆ ರಕ್ಷಣೆ ಕೊಡುತ್ತದೆ. ಅಂದಿನ ಅಧಿಸೂಚನೆ ಆ ರಕ್ಷಣೆ ಅನ್ವಯಿಸದೆಂದು ನೇರವಾಗಿ ಹೇಳಿತ್ತು. ಅಧಿಸೂಚನೆಗೆ ಮೊದಲೇ ಕಸ್ಟಮ್ಸ್‌ಗೆ ಒಪ್ಪಿಸಿದ ಸರಕನ್ನು ಮಾತ್ರ ಕೆಲವು ದಿನಗಳ ಮೇಲೆ ಬಿಟ್ಟರು. ನಮ್ಮ ಲಾರಿಗಳು ಆ ಗೆರೆಯ ಈಚೆ ಉಳಿದವು. ಚೀಲದ ಬುಡದಲ್ಲಿ ಗಡ್ಡೆ ಬೆವರಿ ಮೊಳಕೆಯೊಡೆದ ಮೇಲೆ ಆ ಮಾಲು ಕೋಲ್ಕತ್ತದ ಪೇಟೆಯಲ್ಲಿ ಸಿಕ್ಕ ದರಕ್ಕೆ ಹೋಯಿತು. ವ್ಯಾಪಾರಸ್ಥರ ನಷ್ಟ ಅವರ ಖಾತೆಯಲ್ಲಿ ಬಂತು. ಮರುದಿನ ಇಲ್ಲಿನ ಹರಾಜಿನಲ್ಲಿ ಕುಸಿದ ದರಕ್ಕೆ ಮಾಲು ಕೊಟ್ಟು ಊರಿಗೆ ಮರಳಿದ ರೈತರ ನಷ್ಟ ಯಾವ ಖಾತೆಯಲ್ಲೂ ಬರಲಿಲ್ಲ.

ಬಾಗಿಲು ಮುಚ್ಚುವುದು ನಮ್ಮ ಕಡೆಯಿಂದ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಬಾಂಗ್ಲಾದೇಶ ತನ್ನ ರೈತರ ಫಸಲು ಬರುವ ಕಾಲಕ್ಕೆ ಆಮದು ಪರವಾನಗಿ ಕೊಡುವುದನ್ನು ನಿಲ್ಲಿಸುತ್ತದೆ. 2023ರ ಮಾರ್ಚ್‌ನಲ್ಲಿ ನಿಲ್ಲಿಸಿ ಜೂನ್‌ನಲ್ಲಿ ಮತ್ತೆ ಆರಂಭಿಸಿತು. ತನ್ನ ರೈತನನ್ನು ಕಾಯುವ ಆ ಕ್ರಮವನ್ನು ನಾನು ತಪ್ಪೆನ್ನಲಾರೆ, ಅದರ ಹೊತ್ತು ಅಂದಾಜಿಗೆ ಸಿಗುತ್ತದೆ. 2022ರ ನಂತರ ಅಲ್ಲಿ ಡಾಲರ್ ಅಭಾವ ತಲೆದೋರಿ ಎಲ್‌ಸಿ ತೆರೆಯುವುದೂ ಕಷ್ಟವಾಯಿತು. 2023ರ ಜುಲೈನಲ್ಲಿ ರೂಪಾಯಿಯಲ್ಲಿ ಲೆಕ್ಕ ತೀರಿಸುವ ವ್ಯವಸ್ಥೆ ಶುರುವಾಯಿತು. ಆದರೆ ಭಾರತ ಮಾರುವುದು ಕೊಳ್ಳುವುದಕ್ಕಿಂತ ಬಹಳ ಹೆಚ್ಚು: 2023-24ರಲ್ಲಿ ರಫ್ತು ಸುಮಾರು 1,100 ಕೋಟಿ ಡಾಲರ್ ಇದ್ದರೆ ಆಮದು 200 ಕೋಟಿಯನ್ನೂ ಮುಟ್ಟಲಿಲ್ಲ. ಅವರ ಕೈಗೆ ರೂಪಾಯಿ ಬರುವ ದಾರಿಯೇ ಇಷ್ಟು ಕಿರಿದಾಗಿರುವಾಗ ಆ ವ್ಯವಸ್ಥೆ ಎಲ್ಲರ ಎಲ್‌ಸಿಯನ್ನು ಹೊರಲಾರದು.

2024ರ ಮೇ 4ರಂದು ನಿಷೇಧ ತೆಗೆದಾಗ ಇಲ್ಲಿ ಸಂತೋಷಪಟ್ಟವರಿಗೆ ನಾನು ಲೆಕ್ಕ ಬರೆದು ತೋರಿಸಬೇಕಾಯಿತು. ಟನ್ನಿಗೆ 550 ಡಾಲರ್ ಕನಿಷ್ಠ ಬೆಲೆ, ಅದರ ಮೇಲೆ ಶೇ. 40 ಸುಂಕ 220 ಡಾಲರ್, ಒಟ್ಟು 770. ಅಂದಿನ ವಿನಿಮಯ ದರದಲ್ಲಿ ಕಿಲೋಗೆ 64 ರೂಪಾಯಿಯ ಆಸುಪಾಸು. ಢಾಕಾದ ಖರೀದಿದಾರ ಅದಕ್ಕಿಂತ ಅಗ್ಗವಾಗಿ ಬೇರೆ ಕಡೆಯಿಂದ ತರಿಸಬಲ್ಲನೇ ಎಂಬುದೇ ಆಗ ನಾವು ಕೇಳಬೇಕಿದ್ದ ಪ್ರಶ್ನೆಯಾಗಿತ್ತು. ಇದಕ್ಕೂ ಮೊದಲು, 2023ರ ಸೆಪ್ಟೆಂಬರ್ 29ರಂದು ಬೆಂಗಳೂರು ರೋಸ್ ಈರುಳ್ಳಿಗೆ ಸುಂಕದ ವಿನಾಯಿತಿ ಬಂದಾಗ, ಅದು ಕರ್ನಾಟಕದ ಎಲ್ಲ ಉಳ್ಳಾಗಡ್ಡಿಗೂ ಅನ್ವಯಿಸುತ್ತದೆಂದು ತಿಳಿದು ನಮ್ಮಲ್ಲಿಗೆ ಬಂದವರು ಹಲವರು. ಅದು ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಸಣ್ಣ ಗಡ್ಡೆಯ ತಳಿ. ನಮ್ಮ ಮಾಲಿಗೆ ಅದರಿಂದ ಏನೂ ಸಿಗಲಿಲ್ಲ. ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ ಬೆಲೆ ಹೋಗಿ ಸುಂಕ ಶೇ. 20ಕ್ಕೆ ಇಳಿಯಿತು, 2025ರ ಏಪ್ರಿಲ್ 1ರಿಂದ ಪೂರ್ತಿ ರದ್ದಾಯಿತು.

ಅಷ್ಟರಲ್ಲಿ ಖರೀದಿದಾರರು ಬೇರೆ ದಾರಿ ಕಲಿತಿದ್ದರು. 2019ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದಿದ್ದ ಬಾಂಗ್ಲಾದ ಅಂದಿನ ಪ್ರಧಾನಿ ಶೇಖ್ ಹಸೀನಾ, ಮುಂಚಿತವಾಗಿ ತಿಳಿಸಿದ್ದರೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದೆವು ಎಂಬರ್ಥದ ಮಾತನ್ನು ವ್ಯಾಪಾರ ಸಭೆಯಲ್ಲೇ ಹೇಳಿದ್ದರು. ಆ ವರ್ಷ ಅವರು ಮ್ಯಾನ್ಮಾರ್, ಈಜಿಪ್ಟ್, ಟರ್ಕಿ, ಪಾಕಿಸ್ತಾನಗಳಿಂದ ಮಾಲು ತರಿಸಿದರು, ವಿಮಾನದಲ್ಲೂ ತರಿಸಿದರು. ಮುಂದೆ ತಮ್ಮದೇ ಬೆಳೆಯನ್ನೂ ಹೆಚ್ಚಿಸಿಕೊಂಡರು. ಹಾಗೆ ಕೈಬಿಟ್ಟ ಗಿರಾಕಿ ಮರುವರ್ಷ ಅದೇ ಪ್ರಮಾಣದಲ್ಲಿ ಮರಳುವುದಿಲ್ಲ.

ದೇಶದ ಬಡವರ ತಟ್ಟೆಗೆ ಉಳ್ಳಾಗಡ್ಡಿ ಸಿಗಬೇಕೆಂಬುದರಲ್ಲಿ ನನಗೆ ಭಿನ್ನಮತವಿಲ್ಲ, ವಿಶ್ವ ವ್ಯಾಪಾರ ಸಂಸ್ಥೆಯ ನಿಯಮವೂ ಆಹಾರದ ತೀವ್ರ ಕೊರತೆಯಲ್ಲಿ ತಾತ್ಕಾಲಿಕ ನಿಷೇಧವನ್ನು ಒಪ್ಪುತ್ತದೆ. ಆದರೆ ಅದರ ಕೃಷಿ ಒಪ್ಪಂದದ 12ನೇ ವಿಧಿ, ಆಮದು ಮಾಡಿಕೊಳ್ಳುವ ದೇಶದ ಆಹಾರ ಭದ್ರತೆಯನ್ನು ಪರಿಗಣಿಸಿ ಸಾಧ್ಯವಾದಷ್ಟು ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕೆನ್ನುತ್ತದೆ. ಅಭಿವೃದ್ಧಿಶೀಲ ದೇಶಗಳಿಗೆ ಇದರಿಂದ ವಿನಾಯಿತಿ ಇದೆಯಾದರೂ, ಆ ಪದಾರ್ಥವನ್ನು ಆಮದಿಗಿಂತ ಹೆಚ್ಚು ರಫ್ತು ಮಾಡುವ ದೇಶಕ್ಕೆ ಆ ವಿನಾಯಿತಿ ಸಲ್ಲದು. ಉಳ್ಳಾಗಡ್ಡಿಯ ಮಟ್ಟಿಗೆ ಭಾರತ ಅಂಥ ದೇಶ. ಅಧಿಸೂಚನೆ ಹೊರಟ ದಿನದಿಂದ ಹದಿನೈದು ದಿನ ಬಿಟ್ಟು ಜಾರಿಯಾದರೂ ಸಾಕು, ದಾರಿಯಲ್ಲಿರುವ ಲಾರಿಗಳು ಗಡಿ ದಾಟುತ್ತವೆ. ಆ ಹದಿನೈದು ದಿನಗಳಲ್ಲಿ ಹೊರಹೋಗುವ ಮಾಲಿನಿಂದ ದೆಹಲಿಯ ದರ ಏರುವುದೆಂದು ನಾನು ಒಪ್ಪಲಾರೆ.

ಅಲ್ಲಿಯವರೆಗೆ ನನ್ನ ಕಕ್ಷಿದಾರರಿಗೆ ಕೊಡುವ ಸಲಹೆ ಇದು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಪಶ್ಚಿಮ ಬಂಗಾಳ ಸಾರಿಗೆ ಇಲಾಖೆಯ ಸುವಿಧಾ ಪೋರ್ಟಲ್‌ನಲ್ಲಿ ಗಡಿ ದಾಟುವ ಸ್ಲಾಟ್ ಸಿಗುವವರೆಗೆ ಚೀಲ ಹೊರಿಸಬೇಡಿ. ಒಪ್ಪಂದದಲ್ಲಿ ಬರಿದೆ ಅನಿವಾರ್ಯ ಸಂದರ್ಭವೆಂದು ಬರೆಯದೆ, ರಫ್ತು ನಿಷೇಧ, ಸುಂಕ, ಕನಿಷ್ಠ ಬೆಲೆ ಎಂದು ಒಂದೊಂದನ್ನೂ ಹೆಸರಿಸಿ, ಹೊಸದಾಗಿ ಬೀಳುವ ಸುಂಕವನ್ನು ಯಾರು ಹೊರಬೇಕೆಂಬುದನ್ನು ಬರೆಸಿ. ಸರಕು ಕಸ್ಟಮ್ಸ್‌ಗೆ ಒಪ್ಪಿಸಿದ ದಿನಾಂಕ ಮತ್ತು ಸಮಯ ಕಾಣುವ ರಸೀದಿಯನ್ನು ಚಾಲಕನ ಕೈಯಲ್ಲಷ್ಟೇ ಬಿಡದೆ ಅಂದೇ ಅದರ ಫೋಟೋ ತರಿಸಿಕೊಳ್ಳಿ. 2020ರಲ್ಲೂ 2023ರಲ್ಲೂ ಒಳಗೆ ಹೋದ ಲಾರಿ ಯಾವುದು, ಉಳಿದ ಲಾರಿ ಯಾವುದು ಎಂಬುದನ್ನು ತೀರ್ಮಾನಿಸಿದ್ದು ಕಸ್ಟಮ್ಸ್‌ನ ಆ ದಾಖಲೆ.