ರೊಟ್ಟಿ ಮಷಿನ್ನಿಗೆ ಅರ್ಜಿ ಹಾಕುವ ಮುನ್ನ: ಪಿಎಂಎಫ್‌ಎಂಇ ಟಿಪ್ಪಣಿ

ಮಹಿಳಾ ಸ್ವಸಹಾಯ ಸಂಘದ ಸಭೆಯಲ್ಲಿ ಪಿಎಂಎಫ್‌ಎಂಇ, ಅಂದರೆ ಸಣ್ಣ ಆಹಾರ ಘಟಕಗಳಿಗೆ ನೆರವು ಕೊಡುವ ಕೇಂದ್ರದ ಯೋಜನೆಯ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ಒಂದೇ: "ಅಕ್ಕಾ, ಸಬ್ಸಿಡಿ ಎಷ್ಟು ಬರ್ತದ?" ಎಷ್ಟು ಎನ್ನುವುದಕ್ಕಿಂತ ಮೊದಲು ಅದು ಎಲ್ಲಿಗೆ ಬರುತ್ತದೆ, ಯಾವಾಗ ಬರುತ್ತದೆ ಎನ್ನುವುದು ಗೊತ್ತಿರಬೇಕು. ನನ್ನಂತೆ ಸಂಘದ ಪುಸ್ತಕ ಬರೆಯುವವರಿಗೆ, ಹೊಸದಾಗಿ ಎಂಬಿಕೆ (ಮುಖ್ಯ ಪುಸ್ತಕ ಬರಹಗಾರ್ತಿ) ಆದವರಿಗೆ ಅನುಕೂಲವಾಗಲಿ ಎಂದು ಇದನ್ನು ಬರೆದಿದ್ದೇನೆ.

ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ ಶುರುವಾದದ್ದು 2020ರ ಜೂನ್ 29ರಂದು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕಪೆಕ್, ಅಂದರೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿನ ರಾಜ್ಯ ನಿಗಮ. ಜಿಲ್ಲೆಯಲ್ಲಿ ಜಂಟಿ ಕೃಷಿ ನಿರ್ದೇಶಕರ ಕಚೇರಿ. ಈ ಸಾಲಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಅಲ್ಲಿ ಮೊದಲು ಕೇಳಿಕೊಂಡು ಬನ್ನಿ. ರೊಟ್ಟಿ, ಹಪ್ಪಳ, ಚಟ್ನಿಪುಡಿ, ಬೆಲ್ಲ, ಎಣ್ಣೆ ಗಾಣ, ಹೀಗೆ ತಿನ್ನುವ ವಸ್ತು ತಯಾರಿಸುವವರಿಗೆ ಈ ಯೋಜನೆ. ಹೊಲಿಗೆ ಯಂತ್ರ, ಬ್ಯೂಟಿ ಪಾರ್ಲರ್ ಇದರಲ್ಲಿ ಬರುವುದಿಲ್ಲ.

ಇದರಲ್ಲಿ ಹಣ ಬರುವ ದಾರಿ ಎರಡು. ಎರಡನ್ನೂ ಕಲಸಿ ಮಾತಾಡುವುದರಿಂದಲೇ ಅರ್ಧ ಗೊಂದಲ.

ಮೊದಲನೆಯದು ಸೀಡ್ ಕ್ಯಾಪಿಟಲ್, ಅಂದರೆ ಬೀಜಧನ. ಆಹಾರ ಪದಾರ್ಥ ತಯಾರಿಸುತ್ತಿರುವ ಸದಸ್ಯೆಯೊಬ್ಬರಿಗೆ ₹40,000. ಒಂದು ಸಂಘಕ್ಕೆ ಹೆಚ್ಚೆಂದರೆ 10 ಮಂದಿಗೆ, ಒಟ್ಟು ₹4 ಲಕ್ಷ. ಸಣ್ಣಪುಟ್ಟ ಸಲಕರಣೆಗೆ, ಕಚ್ಚಾ ಸಾಮಾನಿಗೆ ಬಳಸಬಹುದು. ಆದರೆ ಇದು ಅನುದಾನವಾಗಿ ಬರುವುದು ಸಂಘಗಳ ಒಕ್ಕೂಟದ ಮಟ್ಟಕ್ಕೆ ಮಾತ್ರ. ಒಕ್ಕೂಟದಿಂದ ಸಂಘದ ಮೂಲಕ ಸದಸ್ಯೆಯ ಕೈಗೆ ಬರುವಾಗ ಅದು ಸಾಲ. ಆಕೆ ಕಟ್ಟಿದ ದುಡ್ಡು ಮತ್ತೊಬ್ಬಾಕೆಗೆ ಹೋಗಬೇಕು. "ನಲವತ್ತು ಸಾವಿರ ಪುಕ್ಕಟೆ" ಎಂದು ಹೇಳಿಕೊಟ್ಟು ಸಹಿ ಹಾಕಿಸಿಕೊಂಡರೆ, ಆರು ತಿಂಗಳ ನಂತರ ಕಂತು ಕೇಳಲು ಮನೆ ಬಾಗಿಲಿಗೆ ಹೋಗಬೇಕಾದವರೂ ನಾವೇ. ದಯವಿಟ್ಟು ಹಾಗೆ ಹೇಳಬೇಡಿ. ಇದಕ್ಕೆ ಒಕ್ಕೂಟ ಸದಸ್ಯೆಯಿಂದ ಕೇಳಿ ಬರೆದುಕೊಳ್ಳಬೇಕಾದ ವಿವರ ನಾಲ್ಕೇ: ಏನು ತಯಾರಿಸುತ್ತಾರೆ, ಬೇರೆ ಏನು ಕೆಲಸವಿದೆ, ವರ್ಷದ ವಹಿವಾಟು ಎಷ್ಟು, ಕಚ್ಚಾ ಸಾಮಾನು ಎಲ್ಲಿಂದ ತಂದು ಎಲ್ಲಿ ಮಾರುತ್ತಾರೆ.

ಎರಡನೆಯದು ಬ್ಯಾಂಕ್ ಸಾಲದ ಜೊತೆಗಿನ ಸಬ್ಸಿಡಿ. ಕೇಂದ್ರದ ಯೋಜನೆಯಲ್ಲಿ ಶೇ 35. ಕರ್ನಾಟಕ ಅದರ ಮೇಲೆ ಶೇ 15 ಸೇರಿಸಿ ಶೇ 50 ಮಾಡಿದೆ, ಮಿತಿ ₹15 ಲಕ್ಷ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಯೋಜನಾ ವೆಚ್ಚದ ಕನಿಷ್ಠ ಶೇ 10 ನಮ್ಮ ಕೈಯಿಂದ ಹಾಕಬೇಕು. ಜಾಗದ ಬೆಲೆಯನ್ನು ವೆಚ್ಚಕ್ಕೆ ಸೇರಿಸುವಂತಿಲ್ಲ.

₹2 ಲಕ್ಷದ ರೊಟ್ಟಿ ಮಷಿನ್ ಎಂದುಕೊಳ್ಳೋಣ. ನಮ್ಮ ಪಾಲು ₹20,000, ಬ್ಯಾಂಕ್ ಸಾಲ ₹1,80,000, ಸಬ್ಸಿಡಿ ₹1 ಲಕ್ಷ. ಕೊನೆಗೆ ತಲೆಯ ಮೇಲೆ ಉಳಿಯುವ ಅಸಲು ₹80,000. ಕೇಳಲು ಚೆನ್ನಾಗಿದೆ. ಆದರೆ ಆ ಒಂದು ಲಕ್ಷ ಕೈಗೆ ಸಿಗುವುದಿಲ್ಲ. ಬ್ಯಾಂಕಿನಲ್ಲಿ ನಮ್ಮ ಹೆಸರಿನ ಬೇರೆ ಲೆಕ್ಕದಲ್ಲಿ ಕೂತಿರುತ್ತದೆ. ಬ್ಯಾಂಕ್ ನಮಗೆ ಕೊಡುವ ಸಾಲದ ಕೊನೆಯ ಕಂತು ಬಿಡುಗಡೆಯಾದ ಮೇಲೆ 3 ವರ್ಷ ಕಳೆದು, ಅಷ್ಟೊತ್ತಿಗೆ ನಮ್ಮ ಖಾತೆ ಸುಸ್ತಿಯಾಗದೆ, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮಾ ಆಗುತ್ತದೆ. ಆ 3 ವರ್ಷ ನಡೆಸುವಷ್ಟು ಆದಾಯ ರೊಟ್ಟಿಯಲ್ಲಿ ಇದೆಯೇ ಎನ್ನುವುದೇ ಅರ್ಜಿಯ ಜೀವ. ಯೋಜನಾ ವರದಿ, ಅಂದರೆ ಡಿಪಿಆರ್, ಉತ್ತರಿಸಬೇಕಾದದ್ದು ಇದನ್ನೇ.

ನಾವು ಲೆಕ್ಕ ಹಾಕಿದ್ದು ಹೀಗೆ. ಇಲ್ಲಿರುವ ದರಗಳು ಉದಾಹರಣೆಗೆ ಮಾತ್ರ. ನಿಮ್ಮೂರಿನ ದರ ಹಾಕಿಕೊಳ್ಳಿ. 10 ಕೆ.ಜಿ. ಜೋಳ ₹450, ಗಿರಣಿ ₹50, ಉರುವಲು ₹120, ಪ್ಯಾಕಿಂಗ್ ₹80, ಸಾಗಣೆ ₹60. ಒಟ್ಟು ₹760. ಅದರಲ್ಲಿ 200 ಖಡಕ್ ರೊಟ್ಟಿ. ಅಂದರೆ ಒಂದಕ್ಕೆ ₹3.80. ಅಂಗಡಿಯವರು ಕೊಡುವುದು ₹6. "₹2.20 ಉಳೀತದಲ್ಲ" ಎಂದರು ಅಕ್ಕಂದಿರು. ಬೆಳಗಿನಿಂದ ಒಲೆ ಮುಂದೆ ಕೂತು ಬಡಿದ ಇಬ್ಬರ ಕೂಲಿ ಎಲ್ಲಿ? ಯಾರೂ ಹಿಡಿದಿರಲಿಲ್ಲ. ತಲಾ ₹300ರಂತೆ ₹600 ಸೇರಿಸಿದ ಕೂಡಲೇ ರೊಟ್ಟಿಯ ಖರ್ಚು ₹6.80 ಆಯಿತು. ಒಂದೊಂದಕ್ಕೆ 80 ಪೈಸೆ ನಷ್ಟ! ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಮನೆ ಹೆಂಗಸರ ದುಡಿಮೆಗೆ ಬೆಲೆ ಕಟ್ಟದೆ ಬರೆದ ಡಿಪಿಆರ್ ಎಷ್ಟು ಚೆಂದವಿದ್ದರೂ ಸುಳ್ಳು ಎಂದು ನನಗೆ ಅವತ್ತು ಮನವರಿಕೆಯಾಯಿತು.

ಈಗ ಮಷಿನ್ ತರೋಣ. ಅದೇ ಇಬ್ಬರು ದಿನಕ್ಕೆ 400 ರೊಟ್ಟಿ ಮಾಡಿದರೆ ಸಾಮಾನಿನ ಖರ್ಚು ₹1,520, ಕೂಲಿ ₹600, ಮಾರಾಟ ₹2,400. ದಿನಕ್ಕೆ ಉಳಿಯುವುದು ₹280; 25 ದಿನಕ್ಕೆ ₹7,000. ಕರೆಂಟು, ರಿಪೇರಿಗೆ ₹1,000 ತೆಗೆಯಿರಿ. ₹1,80,000 ಸಾಲಕ್ಕೆ ಶೇ 11 ಬಡ್ಡಿ, 5 ವರ್ಷ ಎಂದರೆ ಕಂತು ಸುಮಾರು ₹3,900. ಕೊನೆಗೆ ₹2,100 ಉಳಿಯಿತು. ಮಳೆಗಾಲದ ಒಂದು ತಿಂಗಳಲ್ಲಿ 12 ದಿನ ಮಾತ್ರ ಕೆಲಸ ನಡೆದರೆ ಉಳಿಯುವುದು ₹3,360, ಕಂತಿಗೇ ಸಾಲದು. ಹಾಗಾಗಿ ಎರಡು ಮೂರು ಕಂತಿನಷ್ಟು ದುಡ್ಡು ಮೊದಲೇ ತೆಗೆದಿಟ್ಟುಕೊಂಡೇ ಸಾಲಕ್ಕೆ ಕೈ ಹಾಕಬೇಕು.

ಇದರಲ್ಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ರೊಟ್ಟಿಗೆ ಬರೀ 50 ಪೈಸೆ ಹೆಚ್ಚು ಸಿಕ್ಕರೆ ತಿಂಗಳಿಗೆ ₹5,000. ಇಪ್ಪತ್ತು ತಿಂಗಳಿಗೆ ಒಂದು ಲಕ್ಷ, ಅಂದರೆ ಸಬ್ಸಿಡಿಯಷ್ಟೇ ಹಣ! ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ) ನೋಂದಣಿ, ತಯಾರಿಸಿದ ದಿನಾಂಕವಿರುವ ಲೇಬಲ್, ಮುರಿಯದಂತೆ ಪ್ಯಾಕಿಂಗ್ ಇದ್ದರೆ ಪಟ್ಟಣದ ಅಂಗಡಿಯವರೊಂದಿಗೆ ದರ ಮಾತಾಡಲು ಧೈರ್ಯ ಬರುತ್ತದೆ. ಸಾಲ ಮಂಜೂರಾಗುವವರೆಗೆ ಕಾಯದೆ ಇವನ್ನು ಈಗಲೇ ಶುರು ಮಾಡಬಹುದು. ಸಣ್ಣ ಉದ್ದಿಮೆಯೆಂದು ಹೆಸರು ದಾಖಲಿಸುವ ಉದ್ಯಮ್ ನೋಂದಣಿಗಂತೂ ಶುಲ್ಕವೇ ಇಲ್ಲ. ಮಧ್ಯವರ್ತಿಗೆ ದುಡ್ಡು ಕೊಡಬೇಡಿ.

ಅರ್ಜಿ ತುಂಬುವುದು ಆನ್‌ಲೈನಿನಲ್ಲಿ. ಇದಕ್ಕೆಂದೇ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಡಿಪಿಆರ್ ಬರೆಯಲು, ಬ್ಯಾಂಕಿಗೆ ಓಡಾಡಲು ನೆರವಾಗುವುದು ಅವರ ಕೆಲಸ, ಅವರಿಗೆ ಯೋಜನೆಯಿಂದಲೇ ಹಣ ಸಿಗುತ್ತದೆ. ಮೇಲಿನ ಲೆಕ್ಕವನ್ನು ನಾವೇ ಹಾಳೆಯಲ್ಲಿ ಬರೆದುಕೊಂಡು ಅವರ ಮುಂದೆ ಕೂತರೆ ಡಿಪಿಆರ್ ನಮ್ಮ ರೊಟ್ಟಿಯದ್ದಾಗಿರುತ್ತದೆ. ಇಲ್ಲದಿದ್ದರೆ ಬೇರೆ ಯಾರದೋ ವರದಿಯ ಅಂಕಿ ನಮ್ಮ ಹೆಸರಿನಲ್ಲಿ ಹೋಗುತ್ತದೆ. ಬ್ಯಾಂಕಿನವರು "ದಿನಕ್ಕೆ ಎಷ್ಟು ರೊಟ್ಟಿ, ಯಾರು ಕೊಳ್ತಾರೆ?" ಎಂದು ಕೇಳಿದಾಗ ತಡವರಿಸುವುದು ಅದಕ್ಕೇ.

ಕಾಗದಪತ್ರದಲ್ಲಿ ಹೆಚ್ಚು ಕಾಡುವುದು ಹೆಸರು. ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು, ಪಾಸ್‌ಬುಕ್ಕಿನಲ್ಲಿ ತವರಿನದು. ನಮ್ಮ ಸಂಘದ ಅಕ್ಕನೊಬ್ಬರ ಅರ್ಜಿ ಇಷ್ಟಕ್ಕೇ ವಾಪಸ್ ಬಂದು, ತಿದ್ದುಪಡಿಗೆ ಓಡಾಡುವಷ್ಟರಲ್ಲಿ ಕೊಟೇಶನ್ ಅವಧಿ ಮುಗಿದು, ಮಷಿನ್ ದರವೂ ಏರಿತ್ತು. ಅದಕ್ಕೇ ಈಗ ನಾನು ಅರ್ಜಿಯ ಮಾತೆತ್ತುವ ಮೊದಲು ಆಧಾರ್, ಪ್ಯಾನ್, ಪಾಸ್‌ಬುಕ್ ಮೂರನ್ನೂ ಚಾಪೆಯ ಮೇಲೆ ಸಾಲಾಗಿ ಇಡಿಸಿ ಅಕ್ಷರ ಅಕ್ಷರ ಓದಿಸುತ್ತೇನೆ. ಕೊಟೇಶನ್ ತರಿಸುವುದು ಆಮೇಲೆ.

ಬೀಜಧನಕ್ಕಾದರೆ ನಡಾವಳಿ ಪುಸ್ತಕದಲ್ಲಿ ಠರಾವು ಸ್ಪಷ್ಟವಾಗಿರಲಿ: ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು, ಎಷ್ಟು ಕಂತಿನಲ್ಲಿ ವಾಪಸ್. ಬರೆದದ್ದನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿ ಹೇಳಿ, ಸಹಿ ಹೆಬ್ಬೆಟ್ಟು ಆಮೇಲೆ ತೆಗೆದುಕೊಳ್ಳಿ.