ಕ್ಲೂನಿಯ ಸನ್ಯಾಸಿಗಳಿಗೆ ಅಷ್ಟು ದೊಡ್ಡ ಚರ್ಚ್ ಏಕೆ ಬೇಕಾಗಿತ್ತು?

ಪ್ರಶ್ನೆ: ಕ್ರೈಸ್ತ ಸನ್ಯಾಸಿಗಳ ದಿನಚರಿಯನ್ನು ಗೊತ್ತುಪಡಿಸುವ ಸಂತ ಬೆನೆಡಿಕ್ಟರ ನಿಯಮ ಸರಳ ಬದುಕನ್ನು ವಿಧಿಸುತ್ತದೆ. ಹಾಗಿದ್ದೂ ಅದನ್ನೇ ಪಾಲಿಸುತ್ತಿದ್ದ ಫ್ರಾನ್ಸಿನ ಕ್ಲೂನಿ ಮಠದವರು ಅಷ್ಟು ಭಾರಿ ಚರ್ಚ್ ಕಟ್ಟಿಸಿದ್ದೇಕೆ?

ಉತ್ತರ: ಇದೇ ಆಕ್ಷೇಪವನ್ನು 12ನೇ ಶತಮಾನದಲ್ಲಿಯೇ, ಅದೇ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಲು ಹೊರಟ ಸಿಸ್ಟರ್ಸಿಯನ್ ಎಂಬ ಸನ್ಯಾಸಿ ಪಂಥದ ಸಂತ ಬರ್ನಾರ್ಡರು ಎತ್ತಿದ್ದರು, ಚರ್ಚುಗಳ ಮಿತಿಮೀರಿದ ಎತ್ತರ, ಉದ್ದಗಳನ್ನು ಅವರು ಕಟುವಾಗಿ ಟೀಕಿಸಿದರು. ಆದರೆ ಕ್ಲೂನಿಯವರ ದೃಷ್ಟಿಯಲ್ಲಿ ಅದು ಆಡಂಬರವಾಗಿರಲಿಲ್ಲ, ಅವರ ಮುಖ್ಯ ಕೆಲಸ ನಡೆಯುವ ಜಾಗವಾಗಿತ್ತು.

ಅಕ್ವಿಟೇನಿನ ಡ್ಯೂಕ್ ವಿಲಿಯಂ ಸುಮಾರು 910ರಲ್ಲಿ ಈ ಮಠವನ್ನು ಸ್ಥಾಪಿಸಿದಾಗ, ಯಾವ ಪಾಳೆಯಗಾರನಿಗೂ ಅದರ ಮೇಲೆ ಅಧಿಕಾರವಿರದಂತೆ ಅದನ್ನು ಸಂತ ಪೀಟರ್ ಮತ್ತು ಸಂತ ಪಾಲ್ ಅವರ ಹೆಸರಿಗೆ ಬರೆದು, ಪೋಪರ ರಕ್ಷಣೆಗೆ ಒಪ್ಪಿಸಿದನು. ಹೀಗೆ ಸ್ವತಂತ್ರವಾದ ಮಠದಲ್ಲಿ, ನಿಯಮ ಹೇಳುವ ಮೈದುಡಿಮೆ ಕ್ರಮೇಣ ಹಿಂದೆ ಸರಿದು, ಹಗಲಿರುಳಿನ ಸಾಮೂಹಿಕ ಪ್ರಾರ್ಥನೆ, ಕೀರ್ತನೆಗಳ ಗಾಯನ, ಮೆರವಣಿಗೆಗಳೇ ದಿನಚರಿಯ ಬಹುಭಾಗವನ್ನು ತುಂಬಿದವು. ತೀರಿಕೊಂಡವರಿಗಾಗಿ ಸಲ್ಲಿಸುವ ಪ್ರಾರ್ಥನೆಗೆ ಕ್ಲೂನಿ ವಿಶೇಷವಾಗಿ ಹೆಸರಾಗಿತ್ತು. ನವೆಂಬರ್ 2ರಂದು ಮೃತರೆಲ್ಲರನ್ನೂ ಸ್ಮರಿಸುವ ಆಚರಣೆ ಹರಡಿದ್ದು ಇಲ್ಲಿನ ಮಠಾಧಿಪತಿ ಓಡಿಲೋ ಅವರಿಂದ. ಇಂತಹ ಪ್ರಾರ್ಥನೆಯನ್ನು ಬಯಸಿದ ರಾಜರು ಧಾರಾಳವಾಗಿ ದಾನ ಕೊಟ್ಟರು. ಹೊಸ ಚರ್ಚಿನ ವೆಚ್ಚದಲ್ಲಿ ದೊಡ್ಡ ಪಾಲು ಸ್ಪೇನಿನ ದೊರೆ ಆರನೇ ಅಲ್ಫೋನ್ಸೋ ಕಳುಹಿಸಿದ ಚಿನ್ನದ್ದು.

ಹ್ಯೂ ಎಂಬ ಮಠಾಧಿಪತಿ 1088ರಲ್ಲಿ ಆರಂಭಿಸಿದ ಈ ಹೊಸ ಚರ್ಚು ಮಠದ ಮೂರನೆಯದು; ಅದಕ್ಕೆ ಕಂಬಸಾಲುಗಳಿಂದ ಬೇರ್ಪಟ್ಟ ಐದು ಉದ್ದನೆಯ ಅಂಕಣಗಳೂ ಅವನ್ನು ಅಡ್ಡ ಹಾಯುವ ಎರಡು ಅಡ್ಡ ಅಂಕಣಗಳೂ ಇದ್ದವು. ಮುಂಭಾಗದ ಪ್ರವೇಶ ಮಂಟಪವೂ ಸೇರಿದ ಮೇಲೆ ಉದ್ದ ಸುಮಾರು 187 ಮೀಟರ್ ಆಯಿತು. ಸಾಮಾನ್ಯವಾಗಿ ಅರ್ಧವೃತ್ತದ ಕಮಾನುಗಳಿರುವ ರೋಮನೆಸ್ಕ್ ಶೈಲಿಯ ಕಟ್ಟಡವಾದರೂ ಇದರಲ್ಲಿ ಚೂಪು ಕಮಾನುಗಳನ್ನು ಬಳಸಿರುವುದು ಗಮನಾರ್ಹ. ಅರ್ಧವೃತ್ತದ ಕಮಾನಿಗಿಂತ ಚೂಪು ಕಮಾನು ಗೋಡೆಯನ್ನು ಹೊರಕ್ಕೆ ತಳ್ಳುವುದು ಕಡಿಮೆಯಾದ್ದರಿಂದ, ಕಲ್ಲಿನ ಚಾವಣಿಯನ್ನು ಸುಮಾರು 30 ಮೀಟರ್ ಎತ್ತರಕ್ಕೆ ಏರಿಸಲು ಸಾಧ್ಯವಾಯಿತು. ಆದರೂ ಅದು ಸಾಹಸವೇ ಸರಿ: 1125ರಲ್ಲಿ ಚಾವಣಿಯ ಒಂದು ಭಾಗ ಕುಸಿದು ಬಿತ್ತು. ದುರಸ್ತಿಯಾದ ಚರ್ಚನ್ನು 1130ರಲ್ಲಿ ಎರಡನೇ ಇನ್ನೊಸೆಂಟ್ ಪೋಪರು ಪ್ರತಿಷ್ಠಾಪಿಸಿದರು. ಕಲ್ಲಿನ ಚಾವಣಿಯಡಿ ನೂರಾರು ಕಂಠಗಳು ಒಟ್ಟಾಗಿ ಹಾಡುವಾಗ ದನಿ ಮೊಳಗುತ್ತಿದ್ದ ಬಗೆಯನ್ನು ಊಹಿಸಿಕೊಂಡರೆ, ಎತ್ತರದ ಇನ್ನೊಂದು ಉಪಯೋಗವೂ ತಿಳಿಯುತ್ತದೆ.

ರೋಮಿನ ಹೊಸ ಸೇಂಟ್ ಪೀಟರ್ಸ್ ಎದ್ದು ನಿಲ್ಲುವವರೆಗೂ ಇದೇ ಕ್ರೈಸ್ತ ಜಗತ್ತಿನ ಅತಿ ದೊಡ್ಡ ಚರ್ಚ್. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠ ಮುಚ್ಚಿತು. 1798ರಲ್ಲಿ ಕಟ್ಟಡ ಮಾರಾಟವಾಗಿ, ಕಲ್ಲಿಗಾಗಿಯೇ ಅದನ್ನು ಕೆಡವಲಾಯಿತು. ಈಗ ಮುಖ್ಯವಾಗಿ ಉಳಿದಿರುವುದು ದೊಡ್ಡ ಅಡ್ಡ ಅಂಕಣದ ದಕ್ಷಿಣ ಭಾಗ ಮತ್ತು ಅದರ ಮೇಲಿನ ಎಂಟು ಮುಖದ ಗಂಟೆ ಗೋಪುರ. ಇಡೀ ಕಟ್ಟಡದ ಒಳರಚನೆಯನ್ನು ಅರಿಯಬೇಕಾದವರು, ಅದೇ ಮಾದರಿಯನ್ನು ಸಣ್ಣ ಅಳತೆಯಲ್ಲಿ ಅನುಸರಿಸಿದ ಪಾರೆ-ಲ-ಮೋನಿಯಾಲ್ ಊರಿನ ಚರ್ಚನ್ನು ನೋಡುವುದು ಒಳ್ಳೆಯದು.