ಬೋಲ್ಟ್ ತಲೆ ಸವೆದು ಹೋಯ್ತು, ಈಗೇನು ಮಾಡಲಿ?

ಪ್ರಶ್ನೆ: ನಮ್ಮದು ಅಂಕೋಲಾ. ಮನೆಯಲ್ಲೇ ಸ್ಕೂಟರಿನ ಸೈಲೆನ್ಸರ್ ಕಳಚಲು ಕೂತೆ. ಉಳಿದವೆಲ್ಲ ಬಂದವು, ಇಂಜಿನ್ ಕೇಸಿಗೆ ಹಾಕಿದ ಒಂದು ಬೋಲ್ಟ್ ಮಾತ್ರ ಸುತಾರಾಂ ಜಗ್ಗಲಿಲ್ಲ. ಜೋರು ಮಾಡಿದ್ದಕ್ಕೆ ಪಾನಾ ಜಾರಿ ತಲೆಯ ಮೂಲೆಗಳೆಲ್ಲ ಉರುಟಾಗಿವೆ. ಗ್ಯಾರೇಜಿಗೆ ಒಯ್ಯದೆ ತೆಗೆಯಬಹುದೇ?

ಉತ್ತರ: ಬಹಳ ಸಲ ತೆಗೆಯಬಹುದು. ಮೊದಲು ಪಾನಾ ಕೆಳಗಿಡಿ. ಒಮ್ಮೆ ಜಾರಿದ ಮೇಲೆ ಮತ್ತೆ ಮತ್ತೆ ತಿರುಗಿಸಿದಷ್ಟೂ ಕೆಲಸ ಕೆಡುತ್ತದೆ. ತಲೆ ಸವೆದರೂ ದಾರಿ ಇದೆ. ಬೋಲ್ಟೇ ತುಂಡಾದರೆ ಕಷ್ಟ.

ಕಾರವಾರದಿಂದ ಭಟ್ಕಳದವರೆಗೆ ಕಡಲ ಬದಿಯ ಗಾಡಿಗಳಿಗೆ ಈ ಕಾಟ ಇದ್ದದ್ದೇ. ಇಂಜಿನ್ ಕೇಸು ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಇವೆರಡರ ನಡುವೆ ಉಪ್ಪಿನ ತೇವ ಸೇರಿದರೆ ಸಣ್ಣ ಬ್ಯಾಟರಿಯ ಹಾಗೆ ಕೆಲಸ ಶುರುವಾಗಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಥ್ರೆಡ್ಡಿನಲ್ಲಿ ಕಾಣುವ ಬಿಳಿ ಪುಡಿ ಅದೇ. ಆ ಪುಡಿಗೂ ಉಕ್ಕಿನ ತುಕ್ಕಿಗೂ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಎರಡೂ ಸೇರಿ ಬೋಲ್ಟನ್ನು ಬೆಣೆ ಹೊಡೆದಂತೆ ಬಿಗಿಯುತ್ತವೆ. ಶಿರಸಿಯಲ್ಲೂ ಮಳೆ ಕಡಿಮೆಯೇನಲ್ಲ, ಆದರೆ ಘಟ್ಟದ ಮೇಲೆ ಉಪ್ಪುಗಾಳಿಯ ಕಾಟ ಅಷ್ಟಿಲ್ಲ.

ಈಗ ಕೆಲಸಕ್ಕೆ ಬರೋಣ. ತಂತಿ ಬ್ರಷ್ಷಿನಿಂದ ಬೋಲ್ಟಿನ ಬುಡ ಚೆನ್ನಾಗಿ ಉಜ್ಜಿ. ತುಕ್ಕು ಬಿಡಿಸುವ ಸ್ಪ್ರೇ ಇದ್ದರೆ ಹೊಡೆಯಿರಿ, ಇಲ್ಲವಾದರೆ ಡೀಸೆಲಿಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಹನಿ ಹನಿಯಾಗಿ ಬಿಡಿ. ಕೊಬ್ಬರಿ ಎಣ್ಣೆ ದಪ್ಪ, ಸಂದಿಗೆ ಇಳಿಯುವುದಿಲ್ಲ. ಆಮೇಲೆ ತಲೆಯ ನಡುಮಧ್ಯೆ ಸುತ್ತಿಗೆಯಿಂದ ನೇರವಾಗಿ ನಾಲ್ಕೈದು ಪೆಟ್ಟು ಕೊಡಿ. ಹಿಡಿದ ತುಕ್ಕು ಬಿರುಕು ಬಿಟ್ಟರೆ ಎಣ್ಣೆಗೆ ದಾರಿಯಾಗುತ್ತದೆ. ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಪೆಟ್ಟು, ಇನ್ನೊಮ್ಮೆ ಎಣ್ಣೆ.

ಜಾರಿದ ತಲೆಗೆ ಹಿಡಿತ ಬೇಕಲ್ವಾ? ಅದು 12 ಎಂಎಂ ತಲೆಯಾದರೆ ಅರದಿಂದ ಆರೂ ಬದಿಗಳನ್ನು ಎದುರುಬದುರಾಗಿ ಉಜ್ಜಿ 11ರ ಹತ್ತಿರಕ್ಕೆ ಇಳಿಸಿ. ಆರು ಮೂಲೆಯ 11ರ ಸಾಕೆಟ್ಟನ್ನು, ಅಂದರೆ ತಲೆಗೆ ಟೋಪಿಯಂತೆ ಕೂರುವ ಪಾನಾವನ್ನು, ಸುತ್ತಿಗೆಯಿಂದ ಹೊಡೆದು ಕೂರಿಸಿ. ಹನ್ನೆರಡು ಮೂಲೆಯದು ಬೇಡ, ಮತ್ತೆ ಜಾರುತ್ತದೆ. ತಿರುಗಿಸುವಾಗ ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಹೀಗೆ ಹಿಂದೆ ಮುಂದೆ ಮಾಡುತ್ತಾ ಬಂದರೆ ಪುಡಿ ಸಡಿಲವಾಗುತ್ತದೆ. ಸಾಕೆಟ್ ಕೂರದಷ್ಟು ಹಾಳಾಗಿದ್ದರೆ ಕಚ್ಚಿ ಹಿಡಿದು ಲಾಕ್ ಆಗುವ ಇಕ್ಕಳ, ಅಂದರೆ ವೈಸ್ ಗ್ರಿಪ್ಪೇ ಗತಿ.

ಇಷ್ಟಕ್ಕೂ ಜಗ್ಗದಿದ್ದರೆ ಬಿಸಿ. ಇದಕ್ಕೆ ಬೆಂಕಿ ಬೇಡವೇ ಬೇಡ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇದೆ. ಹಾಕಿದ ಎಣ್ಣೆಯನ್ನೆಲ್ಲ ಸೋಪಿನ ನೀರಲ್ಲಿ ತೊಳೆದು ಒರೆಸಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ವಾಪಸ್ ಬಿಗಿದು, ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಇಂಜಿನ್ ಚಾಲೂ ಮಾಡಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಅಂದರೆ ಬೋಲ್ಟಿಗಿಂತ ಅದರ ತೂತೇ ದೊಡ್ಡದಾಗುತ್ತದೆ. ಇಂಜಿನ್ ಚೆನ್ನಾಗಿ ಕಾದ ಮೇಲೆ ಬಂದ್ ಮಾಡಿ, ದಪ್ಪ ಕೈಗವಸು ಹಾಕಿಕೊಂಡು, ಹಚ್ಚದ ಮೇಣದಬತ್ತಿಯ ತುದಿಯನ್ನು ಬೋಲ್ಟಿನ ಬುಡಕ್ಕೆ ತಾಗಿಸಿ. ಮೇಣ ನೀರಾಗಿ ಸಂದಿಯೊಳಗೆ ಇಳಿಯುತ್ತದೆ. ಬಿಸಿ ಇರುವಾಗಲೇ ತಿರುಗಿಸಿ. ಮನೆಯಲ್ಲಿ ಮಾಡುವ ಉಪಾಯಗಳಲ್ಲಿ ನನಗೆ ಎಲ್ಲಕ್ಕಿಂತ ನಂಬಿಕೆ ಇದರ ಮೇಲೆ.

ಬೋಲ್ಟ್ ತುಂಡಾಗಿ ಸ್ವಲ್ಪ ಹೊರಗೆ ಉಳಿದಿದ್ದರೆ, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಅದರ ಮೇಲೊಂದು ನಟ್ಟು ಬೆಸೆಸಿಕೊಳ್ಳಿ. ವೆಲ್ಡಿಂಗಿನ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ. ಅದಕ್ಕೆ ಮೊದಲು ಬ್ಯಾಟರಿ ವೈರ್ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಕಳಚಿ ದೂರ ಇಡಿಸಿ. ಒಳಗೇ ಮುರಿದಿದ್ದರೆ ಸುಮ್ನೆ ಲೇತ್ ಅಂಗಡಿಗೆ ಹೋಗಿ. ಮನೆಯಲ್ಲಿ ಡ್ರಿಲ್ ಮಾಡಿ, ಆ ತೂತಿಗೆ ಈಜಿ ಔಟ್ (ಮುರಿದ ಬೋಲ್ಟನ್ನು ತಿರುಗಿಸಿ ತೆಗೆಯುವ ಮೊಳೆಯಂಥ ಸಾಧನ) ಹಾಕುವವರಿದ್ದಾರೆ. ಈಜಿ ಔಟ್ ಗಟ್ಟಿ ಉಕ್ಕು. ಒಳಗೆ ಮುರಿದು ಕೂತರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಬ್ರೇಕಿನ, ಚಕ್ರದ ಅಥವಾ ಹ್ಯಾಂಡಲಿನ ಬೋಲ್ಟ್ ಹೀಗೆ ಕೈಕೊಟ್ಟರೆ ಮನೆಯಲ್ಲಿ ಯಾವ ಉಪಾಯವನ್ನೂ ಮಾಡಬೇಡಿ.

ತೆಗೆದ ಬೋಲ್ಟನ್ನು ಮತ್ತೆ ಹಾಕಬೇಡಿ. ಅಂಗಡಿಗೆ ಒಯ್ದು ಅದೇ ಉದ್ದದ, ಅದೇ ಥ್ರೆಡ್ಡಿನ ಹೊಸದು ತನ್ನಿ, ತಲೆಯ ಮೇಲೆ ಬೋಲ್ಟಿನ ಬಲ ತೋರಿಸುವ 8.8ರಂಥ ಗುರುತೂ ಒಂದೇ ಇರಲಿ. ತುಕ್ಕು ಹಿಡಿಯಲ್ಲ ಅಂತ ಕರಾವಳಿಯಲ್ಲಿ ಹಲವರು ಸ್ಟೇನ್‌ಲೆಸ್ ಹಾಕುತ್ತಾರೆ. ಬೋಲ್ಟಿಗೇನೋ ತುಕ್ಕು ಹಿಡಿಯುವುದಿಲ್ಲ, ಆದರೆ ಉಪ್ಪುನೀರು ಸೇರಿದರೆ ಅದರ ಸುತ್ತಲಿನ ಅಲ್ಯೂಮಿನಿಯಂ ಸವೆಯುವುದು ತಪ್ಪುವುದಿಲ್ಲ. ಯಾವುದೇ ಹಾಕಿ, ಥ್ರೆಡ್ಡಿಗೆ ಆ್ಯಂಟಿ ಸೀಜ್ ಪೇಸ್ಟ್ (ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ತೆಳ್ಳಗೆ ಸವರಿಯೇ ಹಾಕಿ. ಪೇಸ್ಟ್ ಇದ್ದಾಗ ಬೋಲ್ಟ್ ಸಲೀಸಾಗಿ ತಿರುಗುತ್ತದೆ, ಆದ್ದರಿಂದ ಎಂದಿನಷ್ಟು ಜೋರಾಗಿ ಬಿಗಿಯಬೇಡಿ.